ಉತ್ತರ ಸಮುದ್ರ ಸುತ್ತುವ ಸೈಕಲ್ ದಾರಿ ಬ್ರಿಟನ್‌ನಲ್ಲಿ ಯಾಕೆ ತುಂಡಾಯಿತು?

ಉತ್ತರ ಸಮುದ್ರದ ನಕ್ಷೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಎಡಗಡೆ ಬ್ರಿಟನ್. ಕೆಳಗೆ ನೆದರ್‌ಲ್ಯಾಂಡ್ಸ್, ಜರ್ಮನಿ. ಬಲಗಡೆ ಡೆನ್ಮಾರ್ಕ್, ಸ್ವೀಡನ್. ಮೇಲೆ ನಾರ್ವೆ. ಈ ಕಡಲಿಗೆ ಪೂರ್ತಿ ಒಂದು ಸುತ್ತು ಹಾಕುವ ಸೈಕಲ್ ದಾರಿಯನ್ನು 2001ರಲ್ಲಿ ಉದ್ಘಾಟಿಸಿದರು. ಹೆಸರು ನಾರ್ತ್ ಸೀ ಸೈಕಲ್ ರೂಟ್. ಉದ್ದ ಸುಮಾರು 6,000 ಕಿ.ಮೀ. ಬೋರ್ಡು ಹಾಕಿದ ಸೈಕಲ್ ದಾರಿಗಳಲ್ಲಿ ಜಗತ್ತಿಗೇ ಉದ್ದದ್ದು ಅಂತ ಗಿನ್ನೆಸ್ ದಾಖಲೆಗೂ ಸೇರಿತು.

ಹೊರಟ ಊರಿಂದ ಒಂದೇ ದಿಕ್ಕಿಗೆ ತುಳಿಯುತ್ತಾ ಹೋದರೆ ಕೊನೆಗೆ ಹೊರಟ ಊರಿಗೇ ಬಂದು ಸೇರಬೇಕು. ಅದೇ ಈ ದಾರಿಯ ಸೊಗಸು. ಇವತ್ತು ಅದು ಸಾಧ್ಯವಿಲ್ಲ. ಸ್ಕಾಟ್ಲೆಂಡಿನ ತುತ್ತತುದಿಯ ಶೆಟ್ಲೆಂಡ್ ದ್ವೀಪದವರೆಗೆ ಹೋಗಬಹುದು. ಅಲ್ಲಿಂದ ಎದುರಿನ ನಾರ್ವೆಗೆ ದಾಟಲು ಜನರನ್ನು ಒಯ್ಯುವ ಹಡಗಿಲ್ಲ. ಎರಡೂ ದಡದಲ್ಲಿ ದಾರಿ ಇದೆ, ಬೋರ್ಡುಗಳೂ ಇವೆ. ಸರದ ಕೊಕ್ಕೆ ಕಳೆದುಹೋದ ಹಾಗೆ, ಮಣಿಗಳೆಲ್ಲ ಇದ್ದೂ ಕೊರಳಿಗೆ ಹಾಕಲಾಗದ ಸ್ಥಿತಿ.

ದೇಶದಿಂದ ದೇಶಕ್ಕೆ ಹೋಗುವ ಸೈಕಲ್ ದಾರಿ ಕೈಕೊಡುವುದು ಜಾಸ್ತಿ ಇಂಥ ಕೂಡುವ ಜಾಗಗಳಲ್ಲೇ. ಹಡಗುಕಟ್ಟೆ, ಸೇತುವೆ, ಗೇಟು, ಗಡಿ, ಎರಡು ಒಳ್ಳೆಯ ದಾರಿಗಳ ನಡುವೆ ಸಿಕ್ಕಿಕೊಂಡ ಐದು ಕಿಲೋಮೀಟರ್ ಹೆದ್ದಾರಿ. ಈ ಜಾಗಗಳಿಗೆ ಯಾರು ಹೊಣೆ ಎಂಬ ಪ್ರಶ್ನೆಗೆ ಬ್ರಿಟನ್‌ನಲ್ಲಿ ಹೆಚ್ಚಿನ ಕಡೆ ಉತ್ತರವೇ ಇಲ್ಲ. ಉತ್ತರ ಇರುವ ಕಡೆ ದಾರಿ ಚೆನ್ನಾಗಿ ಉಳಿದಿದೆ. ಅದಕ್ಕೇ ಈ ದೇಶದ ಉದಾಹರಣೆ ನೋಡುವುದು ಒಳ್ಳೆಯದು.

ಮೊದಲು ಸ್ವಲ್ಪ ಹಿನ್ನೆಲೆ. ಯುರೋಪನ್ನೆಲ್ಲ ಸೈಕಲ್ ದಾರಿಗಳಿಂದ ಹೆಣೆಯುವ ಯೋಜನೆಗೆ ಯುರೋವೆಲೋ ಅಂತ ಹೆಸರು. 1995ರ ಹೊತ್ತಿಗೆ ಈ ಯೋಚನೆ ಹುಟ್ಟಿತು. ಆಗ ಕೈಜೋಡಿಸಿದ್ದವರಲ್ಲಿ ಬ್ರಿಟನ್ನಿನ ಸಸ್ಟ್ರಾನ್ಸ್ (2025ರಿಂದ ಅದರ ಹೆಸರು ವಾಕ್ ವೀಲ್ ಸೈಕಲ್ ಟ್ರಸ್ಟ್) ಎಂಬ ಸೇವಾ ಸಂಸ್ಥೆಯೂ ಒಂದು. ಈಗ ಬ್ರಸೆಲ್ಸ್‌ನಲ್ಲಿರುವ ಯುರೋಪಿಯನ್ ಸೈಕ್ಲಿಸ್ಟ್ಸ್ ಫೆಡರೇಶನ್ ಇದನ್ನು ನೋಡಿಕೊಳ್ಳುತ್ತದೆ. ಒಟ್ಟು 17 ದಾರಿಗಳು, 90,000 ಕಿ.ಮೀ.ಗೂ ಜಾಸ್ತಿ ಉದ್ದ. ಉತ್ತರ-ದಕ್ಷಿಣಕ್ಕೆ ಹೋಗುವ ದಾರಿಗೆ ಬೆಸ ಸಂಖ್ಯೆ, ಪೂರ್ವ-ಪಶ್ಚಿಮಕ್ಕೆ ಹೋಗುವುದಕ್ಕೆ ಸಮ ಸಂಖ್ಯೆ. ನೀಲಿ ಫಲಕದ ಮೇಲೆ ಹಳದಿ ನಕ್ಷತ್ರಗಳ ಬಳೆ, ಅದರ ನಡುವೆ ಆ ಸಂಖ್ಯೆ.

ಇಷ್ಟು ದೊಡ್ಡ ಹೆಸರಿನ ಹಿಂದೆ ದಾರಿ ಕಟ್ಟುವ ಹಣದ ಗಂಟೇನೂ ಇಲ್ಲ. ಫೆಡರೇಶನ್ ಗೆರೆ ಎಳೆಯುತ್ತದೆ, ಗುಣಮಟ್ಟ ಹೇಗಿರಬೇಕು ಎಂದು ಹೇಳುತ್ತದೆ, ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಡಾಂಬರು ಹಾಕುವುದು, ಬೋರ್ಡು ನೆಡುವುದು, ಮುಳ್ಳು ಸವರುವುದು ಆಯಾ ದೇಶದ, ಆಯಾ ಜಿಲ್ಲೆಯ ಕೆಲಸ. ಹೆಚ್ಚಿನ ಕಡೆ ಮೊದಲೇ ಇದ್ದ ಸ್ಥಳೀಯ ದಾರಿಗಳ ಮೇಲೆ ಯುರೋವೆಲೋ ಸಂಖ್ಯೆಯನ್ನು ಹೊದಿಸಿರುತ್ತಾರೆ. ಹಾಗಾಗಿ ಸ್ಥಳೀಯ ದಾರಿ ಕೆಟ್ಟರೆ ಯುರೋಪಿನ ದಾರಿಯೂ ಕೆಟ್ಟಂತೆ.

ಬ್ರಿಟನ್ ಮೂಲಕ ಇಂಥ ನಾಲ್ಕು ದಾರಿಗಳು ಹಾದುಹೋಗುತ್ತವೆ. ಸಂಖ್ಯೆ 1 ನಾರ್ವೆಯ ಉತ್ತರ ತುದಿಯಿಂದ ಪೋರ್ಚುಗಲ್‌ವರೆಗೆ ಅಟ್ಲಾಂಟಿಕ್ ಕರಾವಳಿ ಹಿಡಿದು ಹೋಗುತ್ತದೆ. ನಡುವೆ ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್, ಐರ್ಲೆಂಡ್, ವೇಲ್ಸ್, ಇಂಗ್ಲೆಂಡಿನ ಡೆವನ್ ಸಿಗುತ್ತವೆ. ಸಂಖ್ಯೆ 2 ರಾಜಧಾನಿಗಳನ್ನು ಜೋಡಿಸುವ ದಾರಿ. ಐರ್ಲೆಂಡಿನ ಗಾಲ್ವೇಯಲ್ಲಿ ಶುರುವಾಗಿ ಡಬ್ಲಿನ್, ವೇಲ್ಸ್, ಲಂಡನ್ ದಾಟಿ ಬರ್ಲಿನ್ ಕಡೆ ಹೊರಡುತ್ತದೆ. ಸಂಖ್ಯೆ 5 ಲಂಡನ್, ಕ್ಯಾಂಟರ್‌ಬರಿ, ಡೋವರ್ ಮೂಲಕ ರೋಮ್‌ಗೆ, ಅಲ್ಲಿಂದ ಇಟಲಿಯ ಬ್ರಿಂಡಿಸಿಗೆ. ಇದು ಹಳೆಯ ಯಾತ್ರಾ ಮಾರ್ಗ. 10ನೇ ಶತಮಾನದ ಕೊನೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮ್‌ಗೆ ಹೋಗಿ ಬಂದ ದಾರಿ. ಸಂಖ್ಯೆ 12, ಮೇಲೆ ಹೇಳಿದ ಉತ್ತರ ಸಮುದ್ರದ ಸುತ್ತು.

ನಾಲ್ಕರಲ್ಲೂ ಒಂದು ಸಾಮಾನ್ಯ ಅಂಶ ಇದೆ. ಬ್ರಿಟನ್ ದ್ವೀಪ. ಒಳಗೆ ಬರಲಿಕ್ಕೂ ಹೊರಗೆ ಹೋಗಲಿಕ್ಕೂ ಹಡಗು ಬೇಕು. ಸೈಕಲ್ ಸವಾರನ ಪಾಲಿಗೆ ಹಡಗು ಎಂದರೆ ದಾರಿಯ ಒಂದು ತುಂಡು.

ಆ ತುಂಡುಗಳು ಒಂದೊಂದಾಗಿ ಹೇಗೆ ಉದುರಿದವು ನೋಡಿ. ಇಂಗ್ಲೆಂಡಿನ ಹಾರ್ವಿಚ್‌ನಿಂದ ಜರ್ಮನಿಗೆ ಹೋಗುತ್ತಿದ್ದ ಹಡಗು 2005ರಲ್ಲಿ ನಿಂತಿತು. ನ್ಯೂಕಾಸಲ್‌ನಿಂದ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಇದ್ದದ್ದು 2006ರಲ್ಲಿ. ನ್ಯೂಕಾಸಲ್‌ನಿಂದ ನಾರ್ವೆಯ ಬರ್ಗೆನ್‌ಗೆ ಇದ್ದದ್ದು 2008ರ ಸೆಪ್ಟೆಂಬರ್‌ನಲ್ಲಿ. ಶೆಟ್ಲೆಂಡಿನ ಲರ್ವಿಕ್‌ನಲ್ಲಿ ನಿಂತು ಬರ್ಗೆನ್‌ಗೆ ಹೋಗುತ್ತಿದ್ದ ಫೇರೋ ದ್ವೀಪಗಳ ಹಡಗು ಕೂಡ ಅದೇ ಹೊತ್ತಿಗೆ ಆ ನಿಲುಗಡೆ ಬಿಟ್ಟಿತು. ಸ್ಕಾಟ್ಲೆಂಡಿನ ರೋಸೈತ್‌ನಿಂದ ಬೆಲ್ಜಿಯಂಗೆ ಜನ ಒಯ್ಯುವುದು 2010ರ ಕೊನೆಗೆ ಮುಗಿಯಿತು. ಹಾರ್ವಿಚ್‌ನಿಂದ ಡೆನ್ಮಾರ್ಕಿನ ಎಸ್ಬ್ಯೆರ್‌ಗೆ 1875ರಿಂದ ನಡೆದುಬಂದಿದ್ದ ಸೇವೆ 2014ರ ಸೆಪ್ಟೆಂಬರ್‌ನಲ್ಲಿ ಕೊನೆಯಾಯಿತು. ಎರಡು ಮಹಾಯುದ್ಧ ಕಂಡ ಮಾರ್ಗ ಅದು. ಹಲ್‌ನಿಂದ ಬೆಲ್ಜಿಯಂನ ಝೀಬ್ರುಗ್ಗೆಗೆ ಇದ್ದದ್ದು 2021ರ ಜನವರಿಯಲ್ಲಿ ಹೋಯಿತು.

ಈಗ ಉತ್ತರ ಸಮುದ್ರ ದಾಟಲು ಉಳಿದಿರುವುದು ಮೂರು: ನ್ಯೂಕಾಸಲ್ ಪಕ್ಕದ ನಾರ್ತ್ ಶೀಲ್ಡ್ಸ್‌ನಿಂದ ಐಮೌಡನ್, ಹಲ್‌ನಿಂದ ರೋಟರ್‌ಡ್ಯಾಮ್, ಹಾರ್ವಿಚ್‌ನಿಂದ ಹುಕ್ ಆಫ್ ಹಾಲೆಂಡ್. ಮೂರೂ ಹೋಗುವುದು ನೆದರ್‌ಲ್ಯಾಂಡ್ಸ್‌ಗೆ. ಅಂದರೆ ಸುತ್ತು ಹಾಕಬೇಕಾದ ದಾರಿ, ಒಂದೇ ಬಾಗಿಲಲ್ಲಿ ಹೋಗಿ ಅದೇ ಬಾಗಿಲಲ್ಲಿ ವಾಪಸ್ ಬರುವ ದಾರಿಯಾಗಿದೆ.

ಕಾರಣಗಳು ಗುಟ್ಟೇನಲ್ಲ. ಕಡಿಮೆ ದರದ ವಿಮಾನಗಳು ಬಂದವು. 1999ರಲ್ಲಿ ಯುರೋಪಿಯನ್ ಒಕ್ಕೂಟದ ಒಳಗಿನ ಪ್ರಯಾಣಕ್ಕೆ ತೆರಿಗೆರಹಿತ ಮಾರಾಟ ರದ್ದಾಯಿತು. ಹಡಗು ಕಂಪನಿಗಳಿಗೆ ಸಿಗರೇಟು, ಮದ್ಯದ ಅಂಗಡಿಯ ಆದಾಯ ಸಣ್ಣದೇನಾಗಿರಲಿಲ್ಲ. ಇಂಧನದ ಬೆಲೆ ಏರಿತು. 2015ರ ಜನವರಿಯಿಂದ ಉತ್ತರ ಸಮುದ್ರದಲ್ಲಿ ಓಡುವ ಹಡಗುಗಳ ಇಂಧನದಲ್ಲಿ ಗಂಧಕ ಶೇ. 0.1ಕ್ಕಿಂತ ಜಾಸ್ತಿ ಇರಬಾರದು ಎಂಬ ನಿಯಮ ಬಂತು. ಎಸ್ಬ್ಯೆರ್ ಮಾರ್ಗ ನಿಲ್ಲಿಸುವಾಗ ಕಂಪನಿ ಈ ನಿಯಮವನ್ನೂ ಕಾರಣವಾಗಿ ಹೇಳಿತ್ತು. ಗಾಳಿ ಶುದ್ಧವಾಗಲಿ ಎಂದು ಬಂದ ನಿಯಮ ಅದು. ನಾನು ಅದನ್ನು ದೂರುವುದಿಲ್ಲ. ಆದರೆ ಹಡಗು ನಿಂತ ಮೇಲೆ ಆ ಜನ ವಿಮಾನ ಹತ್ತಿದರು. ಈ ಲೆಕ್ಕವನ್ನು ಯಾರೂ ಒಟ್ಟಿಗೆ ಕೂತು ಮಾಡಲಿಲ್ಲ ಎಂಬುದು ಬೇಜಾರಿನ ಸಂಗತಿ.

ಖಾಸಗಿ ಕಂಪನಿ ನಷ್ಟದಲ್ಲಿ ಹಡಗು ಓಡಿಸಲಿ ಅಂತ ಹೇಳಲಾಗದು. ಆದರೆ ಒಂದು ಖಂಡದ ಸೈಕಲ್ ಜಾಲದ ಕೊಂಡಿಗಳನ್ನೆಲ್ಲ ಕಂಪನಿಗಳ ಲಾಭನಷ್ಟಕ್ಕೆ ಕಟ್ಟಿಹಾಕಿದರೆ ಏನಾಗುತ್ತದೆ ಎಂಬುದು 2022ರ ಮಾರ್ಚ್ 17ರಂದು ಇನ್ನೂ ಸ್ಪಷ್ಟವಾಯಿತು. ಅಂದು ಪಿ ಆ್ಯಂಡ್ ಓ ಫೆರೀಸ್ ತನ್ನ 786 ಸಿಬ್ಬಂದಿಯನ್ನು ಒಂದೇ ಏಟಿಗೆ ಕೆಲಸದಿಂದ ತೆಗೆಯಿತು. ಡೋವರ್–ಕ್ಯಾಲೇ, ಹಲ್–ರೋಟರ್‌ಡ್ಯಾಮ್, ಕೇರ್ನ್‌ರಾಯನ್–ಲಾರ್ನ್ ಮಾರ್ಗಗಳಲ್ಲಿ ಅದರ ಹಡಗುಗಳು ನಿಂತವು. ಸಂಖ್ಯೆ 5, 12, 1 ಮೂರೂ ದಾರಿಗಳ ದಾಟುವ ಜಾಗಗಳು ಒಂದೇ ದಿನ, ಒಂದೇ ಕಂಪನಿಯ ತೀರ್ಮಾನದಿಂದ ಅಲ್ಲಾಡಿದವು. ಬೇರೆ ಕಂಪನಿ ಇದ್ದ ಕಡೆ ಜನ ಹೇಗೋ ಸುಧಾರಿಸಿಕೊಂಡರು. ಹಲ್‌ನಿಂದ ರೋಟರ್‌ಡ್ಯಾಮ್‌ಗೆ ಬದಲಿ ಹಡಗೇ ಇರಲಿಲ್ಲ.

ಪ್ರಕೃತಿಯೂ ಇದೇ ಪಾಠ ಕಲಿಸಿದೆ. 2024ರ ಡಿಸೆಂಬರ್‌ನಲ್ಲಿ ಡಾರಾ ಬಿರುಗಾಳಿಗೆ ವೇಲ್ಸ್‌ನ ಹೋಲಿಹೆಡ್ ಬಂದರಿನ ಕಟ್ಟೆ ಹಾಳಾಯಿತು. ಡಬ್ಲಿನ್‌ನಿಂದ ಬ್ರಿಟನ್‌ಗೆ ಬರುವ ಮುಖ್ಯ ಬಾಗಿಲು ಅದು. 2025ರ ಜನವರಿ ಮಧ್ಯದವರೆಗೂ ಬಂದರು ಮುಚ್ಚಿತ್ತು. ಲಾರಿಗಳಿಗೆ, ಕ್ರಿಸ್‌ಮಸ್‌ಗೆ ಊರಿಗೆ ಹೋಗುವವರಿಗೆ ಬೇರೆ ಬಂದರುಗಳ ಏರ್ಪಾಡಾಯಿತು. ಸೈಕಲ್ಲಿನಲ್ಲಿ ಬಂದವನಿಗೆ ಇನ್ನೊಂದು ಬಂದರು ಎಂದರೆ ಎರಡು ಮೂರು ದಿನದ ತುಳಿತ.

ಈಗ ಉಳಿದುಕೊಂಡ ಹಡಗುಗಳ ಕಡೆ ನೋಡೋಣ. ಇಲ್ಲಿ ಕತೆ ಪೂರ್ತಿ ಬೇರೆ.

ಇಂಗ್ಲೆಂಡಿನ ಪ್ಲಿಮತ್‌ನಿಂದ ಫ್ರಾನ್ಸಿನ ರೋಸ್ಕಾಫ್‌ಗೆ ಹೋಗುವ ಬ್ರಿಟನಿ ಫೆರೀಸ್ ಶುರು ಮಾಡಿದ್ದು ರೈತರು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಹೂಕೋಸು, ಆರ್ಟಿಚೋಕ್ ಬೆಳೆಗಾರರಿಗೆ ತಮ್ಮ ಬೆಳೆ ಬ್ರಿಟನ್ ಮಾರುಕಟ್ಟೆಗೆ ಬೇಗ ತಲುಪಬೇಕಿತ್ತು. ಯಾವ ಹಡಗು ಕಂಪನಿಯೂ ಆಸಕ್ತಿ ತೋರಿಸಲಿಲ್ಲ. ಅಲೆಕ್ಸಿ ಗೂರ್ವೆನೆಕ್ ಎಂಬ ರೈತ ನಾಯಕನ ಮುಂದಾಳತ್ವದಲ್ಲಿ ಅವರೇ ಕಂಪನಿ ಕಟ್ಟಿದರು. 1973ರ ಜನವರಿಯಲ್ಲಿ ಮೊದಲ ಹಡಗು ಹೊರಟಿತು. ಇವತ್ತಿಗೂ ಆ ಕಂಪನಿಯಲ್ಲಿ ರೈತರ ಪಾಲು ದೊಡ್ಡದು. ಅಲ್ಲಿನ ಪ್ರಾಂತೀಯ ಸರ್ಕಾರಗಳೂ ಬೆನ್ನಿಗಿವೆ. ಹೂಕೋಸಿಗಾಗಿ ಶುರುವಾದ ಆ ಮಾರ್ಗದ ಮೇಲೆ ಇವತ್ತು ಯುರೋವೆಲೋ 1 ನಿಂತಿದೆ. ಹಡಗಿನಿಂದ ರೋಸ್ಕಾಫ್‌ನಲ್ಲಿ ಇಳಿದರೆ ಅಲ್ಲೇ ವೆಲೋಡಿಸೆ ಶುರು. ಸ್ಪೇನ್ ಗಡಿಯವರೆಗೆ 1,200 ಕಿ.ಮೀ.ಗೂ ಉದ್ದದ ದಾರಿ, 2012ರಿಂದ ಪೂರ್ತಿ ಬೋರ್ಡುಗಳೊಂದಿಗೆ ಸಿದ್ಧವಾಗಿದೆ.

ಇನ್ನೊಂದು ಉದಾಹರಣೆ ನ್ಯೂಹೇವನ್–ದಿಯೆಪ್. 1990ರ ದಶಕದ ಕೊನೆಗೆ ಲಾಭ ಇಲ್ಲ ಅಂತ ಕಂಪನಿ ಈ ಮಾರ್ಗ ಕೈಬಿಟ್ಟಿತು. ಫ್ರಾನ್ಸಿನ ಸೇನ್-ಮಾರಿಟೈಮ್ ಜಿಲ್ಲಾಡಳಿತ ಸುಮ್ಮನೆ ಕೂರಲಿಲ್ಲ. 2001ರಲ್ಲಿ ತಾನೇ ಸೇವೆ ಶುರು ಮಾಡಿಸಿತು. ಇಂಗ್ಲೆಂಡ್ ದಡದ ನ್ಯೂಹೇವನ್ ಬಂದರನ್ನೂ ಕೊಂಡುಕೊಂಡಿತು. ಒಂದು ಫ್ರೆಂಚ್ ಜಿಲ್ಲೆ ಇಂಗ್ಲೆಂಡಿನ ಬಂದರಿನ ಮಾಲೀಕ! ಆ ಹಡಗು ಉಳಿದದ್ದರಿಂದಲೇ 2012ರಲ್ಲಿ ಲಂಡನ್–ಪ್ಯಾರಿಸ್ ನಡುವಿನ ಅವೆನ್ಯೂ ವೆರ್ಟ್ ಸೈಕಲ್ ದಾರಿ ಸಾಧ್ಯವಾಯಿತು. ಇದಕ್ಕೆ ಯುರೋವೆಲೋ ಸಂಖ್ಯೆ ಇಲ್ಲ, ಆದರೂ ಎರಡು ದೇಶಗಳ ಜನ ಚೆನ್ನಾಗಿ ಬಳಸುವ ದಾರಿ.

ಮೂರನೆಯದು ಬ್ರಿಟನ್ನಿನ ಒಳಗೇ ಇದೆ. ಅಬರ್ಡೀನ್‌ನಿಂದ ಆರ್ಕ್ನಿ, ಶೆಟ್ಲೆಂಡ್‌ಗಳಿಗೆ ಹೋಗುವ ನಾರ್ತ್‌ಲಿಂಕ್ ಹಡಗು. ಸ್ಕಾಟ್ಲೆಂಡ್ ಸರ್ಕಾರ ಹಣ ಕೊಟ್ಟು ಗುತ್ತಿಗೆ ಮೇಲೆ ಓಡಿಸುತ್ತದೆ. ದ್ವೀಪದ ಜನಕ್ಕೆ ಅದು ಬದುಕಿನ ಪ್ರಶ್ನೆ, ಹಾಗಾಗಿ ನಿಲ್ಲಿಸುವ ಮಾತೇ ಇಲ್ಲ. ಲರ್ವಿಕ್‌ನಿಂದ ಅಬರ್ಡೀನ್‌ಗೂ ಬರ್ಗೆನ್‌ಗೂ ಹೆಚ್ಚುಕಡಿಮೆ ಒಂದೇ ದೂರ. ಈ ಕಡೆಯ ಹಡಗಿಗೆ ಹೊಣೆ ಹೊತ್ತವರಿದ್ದಾರೆ, ಆ ಕಡೆಯದಕ್ಕೆ ಯಾರೂ ಇಲ್ಲ. ಸುತ್ತು ತುಂಡಾಗಿರುವುದು ಸರಿಯಾಗಿ ಅಲ್ಲಿಯೇ.

ಇನ್ನು ನೆಲದ ಮೇಲಿನ ದಾರಿ. ಬ್ರಿಟನ್ನಿನ ನ್ಯಾಷನಲ್ ಸೈಕಲ್ ನೆಟ್‌ವರ್ಕ್ ಹುಟ್ಟಿದ್ದೇ ಒಂದು ಸೊಗಸಾದ ಕತೆ. 1960ರ ದಶಕದಲ್ಲಿ, ನಷ್ಟದ ರೈಲು ಮಾರ್ಗಗಳನ್ನು ಮುಚ್ಚಿ ಎಂದ ಬೀಚಿಂಗ್ ವರದಿಯ ಹೊಡೆತಕ್ಕೆ ಸಾವಿರಾರು ಮೈಲಿ ರೈಲು ಹಳಿಗಳು ಕಿತ್ತುಹೋದವು. ಹಳಿ ಹೋದರೂ ಹಾಸು ಉಳಿಯಿತು. ಏರಿಳಿತ ಕಡಿಮೆ, ಸೇತುವೆ ಸಿದ್ಧ, ಕಾರಿನ ಕಾಟ ಇಲ್ಲ. 1977ರಲ್ಲಿ ಬ್ರಿಸ್ಟಲ್‌ನಲ್ಲಿ ಸೈಕಲ್‌ಬ್ಯಾಗ್ ಎಂಬ ಗುಂಪು ಹುಟ್ಟಿತು. ಮುಂದೆ ಸಸ್ಟ್ರಾನ್ಸ್ ಆದದ್ದು ಇದೇ. 1979ರಿಂದ 1986ರವರೆಗೆ ಬ್ರಿಸ್ಟಲ್–ಬಾತ್ ನಡುವಿನ ಹಳೆಯ ರೈಲು ದಾರಿಯನ್ನು, 13 ಮೈಲಿ, ತುಂಡು ತುಂಡಾಗಿ ಸೈಕಲ್ ದಾರಿ ಮಾಡಿದರು. ಬಹುಪಾಲು ಸ್ವಯಂಸೇವಕರ ಕೈಕೆಲಸ. 1995ರಲ್ಲಿ ಲಾಟರಿ ನಿಧಿಯಿಂದ 4 ಕೋಟಿ 20 ಲಕ್ಷ ಪೌಂಡ್‌ಗೂ ಜಾಸ್ತಿ ಹಣ ಸಿಕ್ಕಿತು. 2000ನೇ ಇಸವಿಯ ಜೂನ್‌ನಲ್ಲಿ 5,000 ಮೈಲಿಯ ರಾಷ್ಟ್ರೀಯ ಜಾಲ ತೆರೆಯಿತು.

ಮುಂದೆ ಜಾಲ ಬೇಗ ಬೇಗ ಬೆಳೆಯಿತು. ಗಂಟು ಬಿದ್ದದ್ದೇ ಅಲ್ಲಿ. ರೈಲು ಹಾಸು ಇಲ್ಲದ ಕಡೆ ದಾರಿ ತರುವುದು ಎಲ್ಲಿಂದ? ನೆಲ ಕೊಳ್ಳಲು ಹಣ ಇಲ್ಲ, ಅಧಿಕಾರವೂ ಇಲ್ಲ. ಹಳ್ಳಿ ರಸ್ತೆಗಳ ಮೇಲೆಯೇ ಸಂಖ್ಯೆ ಅಂಟಿಸಿದರು. ಆಗ ಆ ರಸ್ತೆಗಳು ಖಾಲಿ ಇದ್ದವು. ಆಮೇಲೆ ಕಾರು, ಡೆಲಿವರಿ ವ್ಯಾನು ಎಲ್ಲ ಜಾಸ್ತಿಯಾದವು. ನಕ್ಷೆಯ ಗೆರೆ ಮಾತ್ರ ಹಾಗೇ ಇತ್ತು.

2018ರಲ್ಲಿ ಸಸ್ಟ್ರಾನ್ಸ್ ತನ್ನದೇ ಜಾಲವನ್ನು ಅಳೆದು ನೋಡಿತು. ಆಗ ಒಟ್ಟು ಉದ್ದ 16,575 ಮೈಲಿ. ಅಳತೆಗೋಲು ತುಂಬ ಸರಳ: 12 ವರ್ಷದ ಮಗು ಒಬ್ಬಂಟಿಯಾಗಿ ಇಲ್ಲಿ ಸೈಕಲ್ ಹೊಡೆಯಬಹುದೇ? ಇಷ್ಟು ಒಳ್ಳೆಯ ಪ್ರಶ್ನೆಯನ್ನು ರಸ್ತೆ ಕಟ್ಟುವವರು ಕೇಳಿಕೊಂಡದ್ದು ನಾನು ನೋಡಿದ್ದು ಕಡಿಮೆ. ಸುಮಾರು ಅರ್ಧ ಜಾಲ ಕಳಪೆ ಅಥವಾ ತೀರಾ ಕಳಪೆ ಎಂಬುದು ಅದರ ಉತ್ತರ. ಕಾರುಗಳಿಲ್ಲದ ದಾರಿ ಮೂರನೇ ಒಂದು ಭಾಗ ಮಾತ್ರ. 2020ರ ಜುಲೈನಲ್ಲಿ ಸಂಸ್ಥೆ ಗಟ್ಟಿ ಮನಸ್ಸು ಮಾಡಿತು. 3,733 ಮೈಲಿ ರಸ್ತೆಯನ್ನು, ಅಂದರೆ ಸುಮಾರು 6,000 ಕಿ.ಮೀ.ಯನ್ನು, ಜಾಲದಿಂದ ಪೂರ್ತಿ ತೆಗೆಯಿತು ಅಥವಾ ಕೆಳದರ್ಜೆಗೆ ಇಳಿಸಿತು. ಹೆಚ್ಚುಕಡಿಮೆ ಕಾಲು ಭಾಗ.

ಈ ಕತ್ತರಿ ಪ್ರಯೋಗವನ್ನು ಹಲವರು ಬೈದರು. ನನಗೆ ಇದು ಸರಿ ಅನಿಸುತ್ತದೆ. ಮಗುವನ್ನು ಕಳಿಸಲಾಗದ ರಸ್ತೆಗೆ ಸೈಕಲ್ ದಾರಿ ಅಂತ ಬೋರ್ಡು ಹಾಕುವುದು ಜನರ ನಂಬಿಕೆಗೆ ಮಾಡುವ ಮೋಸ. ಆದರೆ ದೂರದ ದಾರಿಗೆ ಇದರಿಂದ ಬೇರೆ ಕಷ್ಟ ಬರುತ್ತದೆ. ಕಳಪೆ ತುಂಡು ತೆಗೆದ ಮೇಲೆ ಎರಡು ಒಳ್ಳೆಯ ತುಂಡುಗಳ ನಡುವೆ ಖಾಲಿ ಜಾಗ. ಆ ಖಾಲಿ ಜಾಗ ತುಂಬುವ ಕೆಲಸ ಯಾರದ್ದು? ಜಾಲದ ತೀರಾ ಸಣ್ಣ ಭಾಗ ಮಾತ್ರ ಸಸ್ಟ್ರಾನ್ಸ್‌ನ ಸ್ವಂತದ್ದು. ಉಳಿದದ್ದು ಕೌಂಟಿ ಕೌನ್ಸಿಲ್ ಎಂಬ ಜಿಲ್ಲಾಡಳಿತಗಳದ್ದು, ಅರಣ್ಯ ಇಲಾಖೆಯದ್ದು, ಕಾಲುವೆ ನೋಡಿಕೊಳ್ಳುವವರದ್ದು, ಜಮೀನ್ದಾರರದ್ದು. ಒಂದು ಕೌನ್ಸಿಲ್‌ನ ಗಡಿಯಲ್ಲಿ ನುಣ್ಣನೆ ಡಾಂಬರು ಮುಗಿದು, ಪಕ್ಕದ ಕೌನ್ಸಿಲ್‌ನಲ್ಲಿ ಕೆಸರು ಶುರುವಾಗುವುದು ಹೀಗೆ.

ಕೆಸರು ಅಂದದ್ದಕ್ಕೆ ಉದಾಹರಣೆ ಯಾರ್ಕ್‌ಶೈರ್ ಕರಾವಳಿಯ ಸಿಂಡರ್ ಟ್ರ್ಯಾಕ್. ಸ್ಕಾರ್ಬರೋದಿಂದ ವಿಟ್ಬಿಗೆ 1965ರಲ್ಲಿ ಮುಚ್ಚಿದ ರೈಲು ದಾರಿ ಅದು, ಸುಮಾರು 35 ಕಿ.ಮೀ. ಹಳಿ ಕೆಳಗೆ ಜಲ್ಲಿ ಬದಲು ಕಲ್ಲಿದ್ದಲ ಕಿಟ್ಟ ಹಾಸಿದ್ದರು. ವಿಟ್ಬಿ ಹತ್ತಿರ 13 ಕಮಾನುಗಳ ಇಟ್ಟಿಗೆ ಸೇತುವೆ ಮೇಲಿಂದ ಎಸ್ಕ್ ನದಿಯನ್ನು ದಾಟುವಾಗ ಕಡಲು, ಕಣಿವೆ ಎರಡೂ ಕಾಣುತ್ತವೆ. ಉತ್ತರ ಸಮುದ್ರ ಸುತ್ತಿನಲ್ಲಿ ಇಷ್ಟು ಚೆಂದದ ಜಾಗಗಳು ಕೆಲವೇ. ಮಳೆಗಾಲದಲ್ಲಿ ಮಾತ್ರ ಬ್ಯಾಗು ಕಟ್ಟಿದ ಸೈಕಲ್ ಅಲ್ಲಿ ಹೂತುಕೊಳ್ಳುತ್ತದೆ. ಕಡಲತಡಿಯ ಊರುಗಳಿಗೆ ದುಡ್ಡು ತರಬಲ್ಲ ಆಸ್ತಿ, ವರ್ಷಗಟ್ಟಲೆ ತೇಪೆ ಹಾಕಿಸಿಕೊಂಡು ಬದುಕುತ್ತಿದೆ.

ಇನ್ನೊಂದು ಸಣ್ಣ ವಸ್ತುವಿನ ಬಗ್ಗೆ ಹೇಳಲೇಬೇಕು. ಗೇಟು. 2018ರ ಪರಿಶೀಲನೆಯಲ್ಲಿ ಇಡೀ ಜಾಲದ ಮೇಲೆ 16,000ಕ್ಕೂ ಹೆಚ್ಚು ಅಡೆತಡೆಗಳು ಸಿಕ್ಕವು. ಕೆಲವು ಗೂಟ, ಕೆಲವು ಬಾಗಿಲು, ಕೆಲವು ಕಬ್ಬಿಣದ ಎರಡು ಕೊಳವೆಗಳನ್ನು ಮೇಲೆ ಕಿರಿದಾಗುವಂತೆ ಬಗ್ಗಿಸಿ ನೆಟ್ಟ ಚೌಕಟ್ಟು. ಮೋಟರ್‌ಬೈಕ್ ಪುಂಡರು ಒಳಗೆ ಬಾರದಿರಲಿ ಅಂತ ಹಾಕಿದ್ದು. ಆ ಚೌಕಟ್ಟಿನಲ್ಲಿ ಖಾಲಿ ಸೈಕಲ್‌ನ ಹ್ಯಾಂಡಲ್ಲನ್ನು ಓರೆ ಮಾಡಿ ತೂರಿಸಬಹುದು. ಹಿಂದೆ ಮುಂದೆ ಬ್ಯಾಗು ನೇತುಹಾಕಿದ್ದರೆ ಎಲ್ಲ ಬಿಚ್ಚಿ, ಸೈಕಲ್ಲನ್ನು ಹಿಂಗಾಲಿನ ಮೇಲೆ ನಿಲ್ಲಿಸಿ, ಎಳೆದು, ಆಚೆ ಹೋಗಿ ಮತ್ತೆ ಕಟ್ಟಬೇಕು. ಮಗುವನ್ನು ಕೂರಿಸುವ ಟ್ರೇಲರ್ ಇದ್ದರೆ ಮುಗಿಯಿತು. ಕಾಲಿಲ್ಲದವರು ಕೈಯಲ್ಲಿ ತುಳಿಯುವ ಮೂರು ಚಕ್ರದ ಸೈಕಲ್ ಅಲ್ಲಿ ದಾಟುವುದೇ ಇಲ್ಲ. ಅವರ ಪಾಲಿಗೆ ಆ ದಾರಿ ಅಲ್ಲಿಗೇ ಕೊನೆ. ಪುಂಡರನ್ನು ತಡೆಯಲು ಹಾಕಿದ ಗೇಟು ಅಂಗವಿಕಲರನ್ನು ತಡೆಯುತ್ತಿದ್ದರೆ ಅದನ್ನು ಕೀಳಲು ಇನ್ನೊಂದು ಸಮೀಕ್ಷೆ ಯಾಕೆ ಬೇಕು? ಕೀಳುವ ಕೆಲಸ ಹಲವು ಕಡೆ ನಡೆಯುತ್ತಿದೆ, ಆದರೆ ವೇಗ ಸಾಲದು.

ಸೇತುವೆ, ಸುರಂಗಗಳ ವಿಷಯದಲ್ಲಿ ಎರಡೂ ಥರದ ಅನುಭವ ಇದೆ. ಡಂಡೀ ಊರಿನ ಟೇ ರೋಡ್ ಬ್ರಿಜ್ 1966ರಲ್ಲಿ ತೆರೆಯಿತು. ಎರಡು ಕಿಲೋಮೀಟರ್‌ಗೂ ಉದ್ದ. ವಾಹನಗಳ ಎರಡು ಸಾಲಿನ ನಡುವೆ, ಸ್ವಲ್ಪ ಎತ್ತರದಲ್ಲಿ, ನಡೆಯುವವರಿಗೂ ಸೈಕಲ್‌ಗೂ ಪ್ರತ್ಯೇಕ ಓಣಿ. ಡಂಡೀ ದಡದಲ್ಲಿ ಸೈಕಲ್ಲನ್ನು ಲಿಫ್ಟ್‌ನೊಳಗೆ ತಳ್ಳಿಕೊಂಡು ಹತ್ತಬೇಕು. ಅರವತ್ತು ವರ್ಷದ ಹಿಂದೆಯೇ ಸೇತುವೆ ಕಟ್ಟುವಾಗ ಸೈಕಲ್ಲನ್ನು ಲೆಕ್ಕಕ್ಕೆ ಹಿಡಿದಿದ್ದರು ಎಂಬುದು ಮೆಚ್ಚಬೇಕಾದ ಮಾತು. ಇನ್ನೊಂದು ಕಡೆ ಟೈನ್ ನದಿಯ ಕೆಳಗೆ ಹೌಡನ್–ಜಾರೋ ನಡುವೆ ಸೈಕಲ್‌ಗೆಂದೇ ಕೊರೆದ ಸುರಂಗ ಇದೆ. 1951ರದ್ದು. ಹಡಗುಕಟ್ಟೆಯ ಕೆಲಸಗಾರರು ಸಾವಿರ ಸಂಖ್ಯೆಯಲ್ಲಿ ಬಳಸುತ್ತಿದ್ದ ಜಾಗ. 2013ರಲ್ಲಿ ದುರಸ್ತಿಗೆ ಮುಚ್ಚಿದ್ದು ತೆರೆದದ್ದು 2019ರಲ್ಲಿ. ಕಾರಿನ ಸುರಂಗ ಆರು ವರ್ಷ ಮುಚ್ಚಿದ್ದರೆ ಯಾರಾದರೂ ಸುಮ್ನೆ ಇರುತ್ತಿದ್ದರಾ?

ಕಾನೂನಿನ ಕಡೆಯಿಂದಲೂ ಒಂದು ತೊಡಕು ಇದೆ. ಇಂಗ್ಲೆಂಡಿನ ಹೊಲಗದ್ದೆಗಳ ನಡುವೆ ಸಾರ್ವಜನಿಕ ಕಾಲುದಾರಿಗಳ ಬಲೆಯೇ ಇದೆ. ಆದರೆ ಅವುಗಳಲ್ಲಿ ಸೈಕಲ್ ಹೊಡೆಯುವ ಹಕ್ಕಿಲ್ಲ. 1968ರ ಕಾಯ್ದೆ ಕುದುರೆ ದಾರಿಗಳಲ್ಲಿ ಮಾತ್ರ ಸೈಕಲ್‌ಗೆ ಒಪ್ಪಿಗೆ ಕೊಟ್ಟಿತು. ಲೆಕ್ಕ ಹಾಕಿದರೆ ಒಟ್ಟು ದಾರಿಗಳ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಸ್ಕಾಟ್ಲೆಂಡಿನಲ್ಲಿ ಹಾಗಲ್ಲ. 2003ರ ಭೂಸುಧಾರಣಾ ಕಾಯ್ದೆ ಪ್ರಕಾರ ಬೇರೆಯವರಿಗೆ ತೊಂದರೆ ಕೊಡದೆ ಹೆಚ್ಚಿನ ಕಡೆ ಸೈಕಲ್‌ನಲ್ಲಿ ಓಡಾಡಬಹುದು. ಒಂದೇ ಯುರೋವೆಲೋ 12, ಇಂಗ್ಲೆಂಡಿನ ಗಡಿಯೂರು ಬೆರಿಕ್ ದಾಟಿದ ಕೂಡಲೇ ಅದರ ಹಕ್ಕು ಬದಲಾಗುತ್ತದೆ.

ಈ ಹೊಣೆಯ ಮಾತಿಗೆ ನನಗೆ ಸಿಕ್ಕ ಅತ್ಯಂತ ಗಟ್ಟಿ ಪುರಾವೆ ನಡೆಯುವವರ ದಾರಿಯಿಂದ ಬರುತ್ತದೆ. ಇಂಗ್ಲೆಂಡಿನ ಇಡೀ ಕರಾವಳಿ ಸುತ್ತ ಸುಮಾರು 2,700 ಮೈಲಿಯ ಕಾಲುದಾರಿ ಬೇಕು ಅಂತ 2009ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಗೆ ಕೆಲಸ ಒಪ್ಪಿಸಿತು. ಜಮೀನಿನ ಮಾಲೀಕರ ಜೊತೆ ಮಾತಾಡುವುದು, ತಕರಾರು ಕೇಳುವುದು, ಬಂಡೆ ಕುಸಿದರೆ ದಾರಿಯನ್ನು ಒಳಕ್ಕೆ ಸರಿಸುವುದು, ಎಲ್ಲಕ್ಕೂ ವಿಧಾನ ಇದೆ. ತಡವಾಯಿತು, ಆದರೂ ದಾರಿ ಬೆಳೆಯುತ್ತಾ ಬಂತು. ಅದೇ ಕರಾವಳಿಯಲ್ಲಿ ಸಾಗುವ ಸೈಕಲ್ ದಾರಿಗೆ ಅಂಥ ಕಾಯ್ದೆಯಿಲ್ಲ, ಅಂಥ ಸಂಸ್ಥೆಯೂ ಇಲ್ಲ. ಒಂದು ಸೇವಾ ಸಂಸ್ಥೆ, ಹತ್ತಾರು ಕೌನ್ಸಿಲ್‌ಗಳ ಒಳ್ಳೆಯ ಮನಸ್ಸು, ಅಷ್ಟೇ ಬಂಡವಾಳ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ದೇಶ ದೇಶ ಸುತ್ತುವವರು ಎಷ್ಟು ಜನ? ಮಕ್ಕಳು ಶಾಲೆಗೆ ಹೋಗಲು, ಜನ ಕೆಲಸಕ್ಕೆ ಹೋಗಲು ದಾರಿ ಬೇಡವೇ? 2022ರಲ್ಲಿ ಹುಟ್ಟಿದ ಆಕ್ಟಿವ್ ಟ್ರಾವೆಲ್ ಇಂಗ್ಲೆಂಡ್ ಸಂಸ್ಥೆಯ ಗಮನ ಬಹುಪಾಲು ಊರೊಳಗಿನ ಸಣ್ಣ ಪ್ರಯಾಣಗಳ ಮೇಲಿದೆ. ಅದು ತಪ್ಪಲ್ಲ. ಆದರೆ ಬ್ರಿಸ್ಟಲ್–ಬಾತ್ ದಾರಿಯನ್ನೇ ನೋಡಿ. ಅಲ್ಲಿ ಸೈಕಲ್ ಹೊಡೆಯುವವರಲ್ಲಿ ಹೆಚ್ಚಿನವರು ಅಕ್ಕಪಕ್ಕದ ಊರಿನವರೇ. ದೂರದ ದಾರಿ ಎಂದರೆ ಹತ್ತು ಕಿಲೋಮೀಟರ್‌ನ ನೂರಾರು ಸಣ್ಣ ದಾರಿಗಳ ಸಾಲು. ಮಧ್ಯದ ಕೊಂಡಿ ಹಾಕಿದರೆ ಹಳ್ಳಿಯ ಮಗುವಿಗೂ ಉಪಯೋಗ, ನಾರ್ವೆಯಿಂದ ಬಂದವನಿಗೂ ಉಪಯೋಗ.

ದುಡ್ಡಿನ ಲೆಕ್ಕವೂ ಇದೆ. ಯುರೋಪಿಯನ್ ಸಂಸತ್ತಿಗಾಗಿ 2012ರಲ್ಲಿ ಮಾಡಿದ ಅಧ್ಯಯನ ಯುರೋಪಿನ ಸೈಕಲ್ ಪ್ರವಾಸದ ವಹಿವಾಟನ್ನು ವರ್ಷಕ್ಕೆ 4,400 ಕೋಟಿ ಯೂರೋ ಅಂತ ಅಂದಾಜು ಮಾಡಿತ್ತು. ಈ ಹಣ ಹರಿಯುವ ರೀತಿ ಬೇರೆ. ಸೈಕಲ್‌ನವನು ಜಾಸ್ತಿ ಹೊತ್ತು ತರಲಾರ. ದಿನಕ್ಕೆ 60–70 ಕಿ.ಮೀ.ಗೆ ಎಲ್ಲೋ ಒಂದು ಕಡೆ ಮಲಗಲೇಬೇಕು. ಹಸಿವು ಬೇರೆ ವಿಪರೀತ. ಕಾರಿನವರು ನಿಲ್ಲದೆ ಹೋಗುವ ಹಳ್ಳಿಯಲ್ಲಿ ಅವನು ಊಟ ಮಾಡುತ್ತಾನೆ, ರೂಮು ಹಿಡಿಯುತ್ತಾನೆ.

ಡೆವನ್ ಕೌಂಟಿ ಇದನ್ನು ಅರ್ಥಮಾಡಿಕೊಂಡಿತು. ಇಲ್ಫ್ರಾಕೂಂಬ್‌ನಿಂದ ಪ್ಲಿಮತ್‌ಗೆ ಸುಮಾರು 160 ಕಿ.ಮೀ. ದಾರಿ, ಹೆಚ್ಚಿನ ಭಾಗ ಹಳೆಯ ರೈಲು ಹಾಸಿನ ಮೇಲೆ. ಟಾವಿಸ್ಟಾಕ್ ಹತ್ತಿರ ವಾಕಮ್ ನದಿಯ ಕಣಿವೆಯಲ್ಲಿ 19ನೇ ಶತಮಾನದ ಎಂಜಿನಿಯರ್ ಬ್ರುನೆಲ್ ಕಾಲದ ರೈಲು ಸೇತುವೆ ಇಲ್ಲವಾಗಿತ್ತು. 2012ರಲ್ಲಿ ಅಲ್ಲಿ ಜೆಮ್ ಬ್ರಿಜ್ ಕಟ್ಟಿದರು. 200 ಮೀಟರ್ ಉದ್ದ. ಅದೇ ಕಾಲದಲ್ಲಿ ಬ್ರಿಟನಿ ಪ್ರಾಂತ್ಯದ ಜೊತೆ ಸೇರಿ ಯುರೋಪಿನ ಗಡಿ ದಾಟುವ ನಿಧಿಯಿಂದ ಸೈಕಲ್ ವೆಸ್ಟ್ ಎಂಬ ಯೋಜನೆಯನ್ನೂ ನಡೆಸಿದರು. ಕಡಲಿನ ಎರಡೂ ದಡದವರು ಒಂದೇ ಮೇಜಿನ ಸುತ್ತ ಕೂತರು, ನಡುವೆ ರೈತರ ಹಡಗು ಇತ್ತು. ಅದಕ್ಕೇ ಈ ತುಂಡು ಇವತ್ತಿಗೂ ಗಟ್ಟಿಯಾಗಿದೆ.

ಬ್ರೆಕ್ಸಿಟ್ ಆದ ಮೇಲೆ ಅಂಥ ನಿಧಿ ಡೆವನ್‌ಗೆ ಸಿಗುವುದಿಲ್ಲ. ಯುರೋವೆಲೋ ಎಂಬುದು ಯುರೋಪಿಯನ್ ಒಕ್ಕೂಟದ ಯೋಜನೆ ಅಲ್ಲದ ಕಾರಣ ಬ್ರಿಟನ್ ಅದರ ನಕ್ಷೆಯಿಂದ ಹೊರಬೀಳಲಿಲ್ಲ. ನಾರ್ವೆ, ಸ್ವಿಟ್ಜರ್ಲೆಂಡ್ ಇರುವ ಹಾಗೇ ಇದೂ ಇದೆ. ಆದರೆ ಗಡಿ ಬಿಗಿಯಾಯಿತು. 2021ರ ಅಕ್ಟೋಬರ್‌ನಿಂದ ಯುರೋಪಿನವರು ಗುರುತಿನ ಚೀಟಿ ತೋರಿಸಿ ಬ್ರಿಟನ್‌ಗೆ ಬರಲಾಗದು, ಪಾಸ್‌ಪೋರ್ಟ್ ಬೇಕು. 2025ರ ಏಪ್ರಿಲ್‌ನಿಂದ ಹಣ ಕಟ್ಟಿ ಮುಂಗಡ ಅನುಮತಿಯನ್ನೂ ಪಡೆಯಬೇಕು. ಬ್ರಿಟನ್ನಿನವರು ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) 180 ದಿನಕ್ಕೆ 90 ದಿನ ಮಾತ್ರ ಇರಬಹುದು. ನಾರ್ವೆಯ ತುದಿಯಿಂದ ಪೋರ್ಚುಗಲ್‌ವರೆಗೆ ನಿಧಾನವಾಗಿ ತುಳಿಯುವವರಿಗೆ ಈ ಲೆಕ್ಕ ಸುಲಭದ್ದಲ್ಲ.

ಬ್ರಿಟನ್‌ನಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಬದುಕುವ ಕನ್ನಡಿಗರಿಗೆ ಇನ್ನೊಂದು ಸುತ್ತು ಜಾಸ್ತಿ. ಡೋವರ್ ಅಥವಾ ಹಾರ್ವಿಚ್ ದಾಟಲು ಷೆಂಗೆನ್ ವೀಸಾ ಬೇಕು ಅಂತ ಎಲ್ಲರಿಗೂ ಗೊತ್ತು. ಗೊತ್ತಾಗದೆ ಸಿಕ್ಕಿಹಾಕಿಕೊಳ್ಳುವುದು ಸಂಖ್ಯೆ 1ರಲ್ಲಿ, ಐರ್ಲೆಂಡಿನ ಗಡಿಯಲ್ಲಿ. ಬ್ರಿಟನ್ ಆಡಳಿತದ ಉತ್ತರ ಐರ್ಲೆಂಡಿನ ಡೆರ್ರಿಯಿಂದ ಐರ್ಲೆಂಡ್ ದೇಶದ ಡೊನೆಗಾಲ್ ಕಡೆ ಹೋಗುವಾಗ ಚೆಕ್‌ಪೋಸ್ಟ್ ಇಲ್ಲ, ಗೇಟಿಲ್ಲ. ಕಿಲೋಮೀಟರ್ ಬೋರ್ಡು ಬಂದಾಗಲೇ ದೇಶ ಬದಲಾಯಿತು ಅಂತ ತಿಳಿಯುವುದು. ಆದರೂ ಕಾನೂನಿನ ಪ್ರಕಾರ ಐರ್ಲೆಂಡಿಗೆ ಬೇರೆ ವೀಸಾ ಬೇಕು. ಬೆಂಗಳೂರಿನಿಂದ ಪ್ರವಾಸಕ್ಕೆ ಬರುವವರ ಬ್ರಿಟಿಷ್ ವೀಸಾದಲ್ಲಿ ಬಿ.ಐ.ವಿ.ಎಸ್. (ಬ್ರಿಟಿಷ್–ಐರಿಶ್ ವೀಸಾ ಯೋಜನೆ) ಎಂಬ ನಮೂದು ಇದ್ದರೆ ಅದರಲ್ಲೇ ಐರ್ಲೆಂಡಿಗೂ ಹೋಗಬಹುದು. ಬ್ರಿಟನ್‌ನಲ್ಲೇ ನೆಲೆಸಿದವರಿಗೆ ಈ ಅನುಕೂಲ ಇಲ್ಲ. ಹೊರಡುವ ಮುಂಚೆ ಸರ್ಕಾರಿ ಜಾಲತಾಣದಲ್ಲಿ ನೋಡಿಕೊಳ್ಳಿ, ನಿಯಮ ಬದಲಾಗುತ್ತಿರುತ್ತದೆ.

ಏನು ಮಾಡಬೇಕು ಅಂದರೆ, ನನ್ನ ಪ್ರಕಾರ ಮೊದಲ ಕೆಲಸ ಗೇಟು ಕೀಳುವುದು. ಖರ್ಚು ಕಡಿಮೆ, ಅನುಕೂಲ ನಾಳೆಯಿಂದಲೇ. ಎರಡನೆಯದು ಕರಾವಳಿ ಕಾಲುದಾರಿಗೆ ಕೊಟ್ಟಂಥ ಕಾನೂನಿನ ಬಲವನ್ನು ಈ ನಾಲ್ಕು ದಾರಿಗಳಿಗೂ ಕೊಟ್ಟು, ಒಂದು ಸಂಸ್ಥೆಯನ್ನು ಹೊಣೆ ಮಾಡುವುದು. ಮೂರನೆಯದು ಹಡಗು. ಸ್ಕಾಟ್ಲೆಂಡ್ ಮತ್ತು ನಾರ್ವೆ ಸರ್ಕಾರಗಳು ಸೇರಿ ಬೇಸಿಗೆಯಲ್ಲಾದರೂ ವಾರಕ್ಕೆ ಒಂದು ಸಲ ಲರ್ವಿಕ್–ಬರ್ಗೆನ್ ಹಡಗಿಗೆ ಹಣ ಹಾಕುವುದು. ಒಂದು ಫ್ರೆಂಚ್ ಜಿಲ್ಲೆಗೆ ಆದದ್ದು ಎರಡು ಸರ್ಕಾರಗಳಿಗೆ ಆಗಬಾರದೇನು?

ಅಲ್ಲಿಯವರೆಗೆ, ಮೊದಲ ಸಲ ಈ ದಾರಿ ಹಿಡಿಯುವವರಿಗೆ ನಾನು ಹೇಳುವುದು ಇಲ್ಫ್ರಾಕೂಂಬ್‌ನಿಂದ ಪ್ಲಿಮತ್, ಅಲ್ಲಿಂದ ರೋಸ್ಕಾಫ್. ಮೂರ್ನಾಲ್ಕು ದಿನ ಡೆವನ್, ಆಮೇಲೆ ರಜೆ ಇದ್ದಷ್ಟು ದಿನ ಬ್ರಿಟನಿ. ಚಳಿಗಾಲದಲ್ಲಿ ಹಡಗು ಕಡಿಮೆ. ಹಾಗಾಗಿ ಹಡಗಿನ ಟಿಕೆಟ್ ಮೊದಲು ಮಾಡಿಸಿ, ದಿನಕ್ಕೆ ಎಷ್ಟು ತುಳಿಯಬೇಕು ಎಂಬ ಲೆಕ್ಕವನ್ನು ಆಮೇಲೆ ಹಾಕಿಕೊಳ್ಳಿ.